ಜೇಬಿದ್ದ ಕವಚ

ಮೂರು ವರ್ಷ ನಾನು ಅನಂತಪುರ ಜಿಲ್ಲೆಯ ಫಾಯಿಲ್ ಚಾಂಪಿಯನ್ ಆಗಿದ್ದೆ. ನಂಬದವರು ರಾಯದುರ್ಗದ ನಮ್ಮ ಶಾಲೆಯ ಆಫೀಸ್ ರೂಮಿಗೆ ಹೋಗಿ ಗಾಜಿನ ಬೀರು ನೋಡಬಹುದು. ಸೀಮೆಸುಣ್ಣದ ಡಬ್ಬಿಗಳ ಹಿಂದೆ ಮೂರು ಕಪ್ಪುಗಳಿವೆ, ಕೆಳಗೆ ದುರ್ಗಾ ಅಂತ ಹೆಸರಿದೆ. ಆ ಮೂರು ಫೈನಲ್‌ಗಳಲ್ಲಿ ನನ್ನ ಮೇಲೆ ಯಾರೂ ಒಂದು ಪಾಯಿಂಟ್ ಕೂಡ ಹೊಡೆಯಲಿಲ್ಲ. ಪ್ರಪಂಚದಲ್ಲಿ ಇಂಥ ದಾಖಲೆ ಇನ್ಯಾರಿಗಾದರೂ ಇದೆಯೋ ನನಗೆ ಗೊತ್ತಿಲ್ಲ. ಇದ್ದರೆ ಅವರ ಅಪ್ಪನೂ ಜೀನ್ಸ್ ಪ್ಯಾಂಟ್ ಹೊಲಿಯುವವನೇ ಇರಬೇಕು.

ಫಾಯಿಲ್ ಅನ್ನುವುದು ಕತ್ತಿವರಸೆಯ ಒಂದು ಕತ್ತಿ. ಕತ್ತಿ ಅಂತ ಕರೆಯುವುದು ಅದಕ್ಕೆ ಕೊಡುವ ಮರ್ಯಾದೆ, ಅಷ್ಟೆ. ಅದರಿಂದ ಬದನೆಕಾಯಿಯನ್ನೂ ಹೆಚ್ಚಲಾಗದು; ತುದಿಯಲ್ಲಿ ಕಾಲಿಂಗ್ ಬೆಲ್ಲಿನಂಥ ಗುಂಡಿ ಇರುತ್ತದೆ. ಎದುರಾಳಿಯ ಎದೆ, ಹೊಟ್ಟೆ, ಬೆನ್ನಿಗೆ ಆ ಗುಂಡಿ ಒತ್ತಿದರೆ ಪಾಯಿಂಟು. ತೋಳಿಗೋ ಕಾಲಿಗೋ ತಾಗಿದರೆ ಇಲ್ಲ. ಕಣ್ಣಲ್ಲಿ ನೋಡಿ ಹೇಳುವುದು ಕಷ್ಟವೆಂದು ಇಬ್ಬರೂ ಮುಂಡದ ಮೇಲೆ ಲೋಹದ ನೂಲು ನೇಯ್ದ, ತೋಳಿಲ್ಲದ ಕವಚ ಹಾಕಿಕೊಳ್ಳುತ್ತಾರೆ. ಬೆನ್ನ ಹಿಂದಿನಿಂದ ವೈರು ಹೊರಟು ಮೆಷಿನ್ನಿಗೆ ಹೋಗುತ್ತದೆ. ಏಟು ಕವಚದ ಮೇಲೆ ಬಿದ್ದರೆ ಕೆಂಪೋ ಹಸಿರೋ ಬಲ್ಬು ಹೊತ್ತುತ್ತದೆ. ಕವಚದ ಹೊರಗೆ ಬಿದ್ದರೆ ಬಿಳಿ ಬಲ್ಬು. ಬಿಳಿ ಅಂದರೆ ಏಟು ಬಿದ್ದಿದೆ, ಲೆಕ್ಕಕ್ಕಿಲ್ಲ ಅಂತ.

ಈ ಆಟವನ್ನು ರಾಯದುರ್ಗಕ್ಕೆ ತಂದವರು ನಮ್ಮ ಪಿ.ಇ.ಟಿ. ತಿಮ್ಮರಾಜು ಸಾರು. ಅವರೇ ಕೋಚು, ಅವರೇ ಜಿಲ್ಲಾ ಸಂಘದ ಕಾರ್ಯದರ್ಶಿ, ಫೈನಲ್ ದಿನ ಅವರೇ ರೆಫರಿ. ನಾಲ್ಕು ದಿನದ ತರಬೇತಿಗೆ ಹೋಗಿ ಬಂದಿದ್ದರು. ಅದರಲ್ಲಿ ಮೊದಲ ದಿನ ಉದ್ಘಾಟನೆ, ಕೊನೆಯ ದಿನ ಸಮಾರೋಪ. ಜಿಲ್ಲೆ ಎರಡಾಗಿ ಮಡಕಶಿರಾ ಆ ಕಡೆಗೆ ಹೋದರೂ ಸಂಘ ಎರಡಾಗಲಿಲ್ಲ, ಯಾಕೆಂದರೆ ಇದ್ದದ್ದು ಒಂದೇ ಮೆಷಿನ್ನು.

"ಕಬಡ್ಡಿಗೆ ಹೋದ್ರ ಸಾವಿರ ಮಂದಿ ಇರ್ತಾರ. ಇದರಾಗ ಯಾರೂ ಇಲ್ಲ," ಅಂತ ಸಾರು ನಮ್ಮನ್ನು ಮೈದಾನದಲ್ಲಿ ಕೂರಿಸಿ ಹೇಳಿದರು. "ಈ ಆಟದಾಗ ಮೂರನೇ ಬಹುಮಾನ ಇಬ್ಬರಿಗೆ ಕೊಡ್ತಾರ. ನಾಲ್ಕು ಮಂದಿ ಬಂದ್ರ ನಾಲ್ಕು ಮಂದಿಗೂ ಮೆಡಲ್. ಇಂಟರ್ ಮುಗಿದ ಮ್ಯಾಲ ವ್ಯಾಯಾಮ ಶಿಕ್ಷಕರ ಕಾಲೇಜಿನಾಗ ನಮ್ಮ ಸಂಘಕ್ಕ ವರ್ಷಕ್ಕ ಒಂದು ಸೀಟು. ಚಾಂಪಿಯನ್ ಯಾರೋ ಅವರ ಹೆಸರು ಬರೆದು ನಾನು ಲೆಟರ್ ಕೊಡ್ತೀನಿ."

ನಾನು ಕತ್ತಿ ಹಿಡಿದದ್ದು ಆ ಸೀಟಿಗಾಗಿ. ಅಪ್ಪ ರಾಮಾಂಜಿನೇಯ, ಜೀನ್ಸ್ ಯೂನಿಟ್ಟಿನಲ್ಲಿ ಟೈಲರು. ರಜೆ ಬಂದರೆ ನಾನೂ ಅಲ್ಲೇ ಕೂತು ಪ್ಯಾಂಟುಗಳ ನೂಲು ಕತ್ತರಿಸುತ್ತಿದ್ದೆ. ಸಂಜೆಗೆ ಬೆರಳೆಲ್ಲ ನೀಲಿಯಾಗಿ, ಅನ್ನ ಕಲಸಿದರೆ ಅನ್ನಕ್ಕೂ ಬಣ್ಣದ ವಾಸನೆ. ಜೀವನಪೂರ್ತಿ ಸೀಟಿ ಊದಿಕೊಂಡು ಬಯಲಲ್ಲಿ ನಿಲ್ಲುವ ಕೆಲಸ ನನಗೆ ಸ್ವರ್ಗದ ಹಾಗೆ ಕಾಣುತ್ತಿತ್ತು.

ಮೆಷಿನ್ನಿನ ಜೊತೆ ಎರಡು ಕವಚ ಬಂದಿದ್ದವು. ಒಂದರಲ್ಲಿ ಬೆವರಿನ ವಾಸನೆ ಬರುತ್ತಿದೆಯೆಂದು ಅಟೆಂಡರ್ ಕಾಟಪ್ಪ ಅದಕ್ಕೆ ಸೋಪು ಹಾಕಿ, ಬಂಡೆಗೆ ಬಡಿದು, ನೀಲಿಯಲ್ಲಿ ಅದ್ದಿ ಒಗೆದ. ಬಹಳ ಸ್ವಚ್ಛವಾಯಿತು. ಲೋಹದ ನೂಲೆಲ್ಲ ಬಂಡೆಯ ಮೇಲೆ ಉಳಿಯಿತು. ಹೊಸದಕ್ಕೆ ಬಜೆಟ್ ಇಲ್ಲವೆಂದು ಸಾರು ಕೈ ಅಲ್ಲಾಡಿಸಿದಾಗ ಅಪ್ಪ, "ಕೊಡ್ರಿ ಇಲ್ಲಿ, ನಾ ಹೊಲಿತೀನಿ," ಅಂದ.

ಅಪ್ಪ ಉಳಿದಿದ್ದ ಕವಚವನ್ನು ಮುಂದಿಟ್ಟುಕೊಂಡು ಅಳತೆ ತೆಗೆದ. ಮದುವೆ ಮಂಟಪಕ್ಕೆ ಕಟ್ಟುವ ಬೆಳ್ಳಿ ಬಣ್ಣದ ಜರಿ ಬಟ್ಟೆ ತಂದು ಎರಡು ದಿನದಲ್ಲಿ ಹೊಲಿದು ಮುಗಿಸಿದ. ಜೀನ್ಸಿಗೆ ಹಾಕುವ ಜೋಡಿ ಹೊಲಿಗೆ ಹಾಕಿದ. ವೈರಿನ ಕ್ಲಿಪ್ಪು ಕಚ್ಚಲು ಕುತ್ತಿಗೆಯ ಹಿಂದೆ ಹಿತ್ತಾಳೆಯ ರಿವೆಟ್ ಹೊಡೆದ. ಕೈಯ ಅಭ್ಯಾಸಕ್ಕೆ ಎಡಗಡೆ ಎದೆಯ ಮೇಲೆ ಒಂದು ಜೇಬನ್ನೂ ಇಟ್ಟ. ಕತ್ತಿವರಸೆಯ ಕವಚಕ್ಕೆ ಜೇಬು ಯಾಕೆ ಅಂತ ಅಮ್ಮ ಉಜ್ಜಿನಮ್ಮ ಕೇಳಿದರೆ, "ಬಸ್ ಚಾರ್ಜ್ ಇಟ್ಟುಕೊಳ್ಳಲಿ," ಅಂದ.

ಸಾರು ಅದನ್ನು ಪರೀಕ್ಷೆ ಮಾಡಿದರು. ನನಗೆ ತೊಡಿಸಿ, ವೈರು ಸಿಕ್ಕಿಸಿ, ಕತ್ತಿಯಿಂದ ಎದೆಗೆ ಒತ್ತಿದರು. ಬಿಳಿ ಬಲ್ಬು ಹೊತ್ತಿತು.

"ಬೆಳಕು ಬಂತಲ್ಲ. ಕೆಲಸ ಮಾಡ್ತೈತಿ," ಅಂದರು.

ಮಂಟಪದ ಜರಿ ಬರೀ ಪ್ಲಾಸ್ಟಿಕ್, ಅದರಲ್ಲಿ ಕರೆಂಟ್ ಹರಿಯುವುದಿಲ್ಲ, ಹಾಗಾಗಿ ಮೆಷಿನ್ನಿನ ಪಾಲಿಗೆ ನನ್ನ ಎದೆಯೂ ಒಂದು ತೋಳೇ ಅನ್ನುವುದು ನಾಲ್ಕು ದಿನದ ತರಬೇತಿಯಲ್ಲಿ ಬಂದಿರಲಿಲ್ಲ. ಉದ್ಘಾಟನೆಯ ದಿನ ಹೇಳಿದ್ದರೋ ಏನೋ.

ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಮೊದಲ ಫೈನಲ್ ಕಲ್ಯಾಣ ಮಂಟಪದಲ್ಲಿ ನಡೆಯಿತು. ಎದುರಾಳಿ ರಾಧಾ. ಮಡಕಶಿರಾ ತಾಲೂಕಿನವಳು, ಹೇಮಾವತಿ ಕಡೆಯ ಹಳ್ಳಿ. ಅಮ್ಮನ ಜೊತೆ ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಕೂಲಿಗೆ ಹೋಗುತ್ತ ಓದುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದೂ ಅದೇ ಒಂದು ಸೀಟು. ಊರ ಹುಡುಗಿ ನಾನಾದ್ದರಿಂದ ಸಾರು ನನಗೆ ಹೊಸ ಮಿರಿಮಿರಿ ಕವಚ ಕೊಟ್ಟು, ಅವಳಿಗೆ ಸ್ಕೂಲಿನ ಹಳೇ ಮಾಸಲು ಕವಚ ತೊಡಿಸಿದರು. ನೋಡಿದವರೆಲ್ಲ ಪಾಪ ಅಂದರು. ಆ ಮಾಸಲಿನಲ್ಲಿ ಕರೆಂಟ್ ಸೊಗಸಾಗಿ ಹರಿಯುತ್ತಿತ್ತು.

ರಾಧಾ ನನಗಿಂತ ಚುರುಕು. ಇದನ್ನು ನಾನು ಈಗ ಹೇಳುತ್ತಿದ್ದೇನೆ, ಅವತ್ತು ಹೇಳಲಿಲ್ಲ. ಸಾರು "ಅಲ್ಲೆ" ಅಂತ ಆಟ ಶುರುಮಾಡಿಸುವಷ್ಟರಲ್ಲಿ ಅವಳ ಕತ್ತಿ ನನ್ನ ಎದೆಯ ಮೇಲೆ ಬಿಲ್ಲಿನಂತೆ ಬಾಗಿತ್ತು. ಬಿಳಿ ಬಲ್ಬು. ಮತ್ತೆ ಬಂದಳು, ಮತ್ತೆ ಬಿಳಿ. ನಾಲ್ಕನೇ ಸಲ ಅವಳು ಮುಖದ ಜಾಲರಿ ಮೇಲೆತ್ತಿ, "ಸಾರ್, ಎದೆಗೇ ಬಿತ್ತು," ಅಂದಳು.

"ತೋಳಿಗೆ ಬಿದ್ದೈತಿ. ಮೆಷಿನ್ ಸುಳ್ಳು ಹೇಳ್ತೈತೇನು?" ಅಂದರು ಸಾರು.

ನಮ್ಮ ಕಡೆ ಮೆಷಿನ್ನಿನ ಮುಂದೆ ಯಾರೂ ವಾದ ಮಾಡುವುದಿಲ್ಲ. ನಮ್ಮಜ್ಜಿ ಪಾಲಮ್ಮನ ಸವೆದ ಹೆಬ್ಬೆರಳನ್ನು ರೇಷನ್ ಅಂಗಡಿಯ ಮೆಷಿನ್ ಗುರುತು ಹಿಡಿಯದೆ ಇದ್ದಾಗ, ಎದುರಿಗೆ ನಿಂತ ಪಾಲಮ್ಮನೇ ಪಾಲಮ್ಮ ಅಲ್ಲವೇನೋ ಅಂತ ಡೀಲರಿಗೂ ಅನುಮಾನ ಬಂತು, ಕೊನೆಗೆ ಅಜ್ಜಿಗೂ ಬಂತು. ಅಂಥದ್ದರಲ್ಲಿ ಹದಿನೈದು ವರ್ಷದ ರಾಧಾ ಏನು ಮಾಡಿಯಾಳು. ಹದಿನೈದು–ಸೊನ್ನೆ ಆಯಿತು. ಆಟ ಮುಗಿದ ಮೇಲೆ ಸಾರು ದೊಡ್ಡ ಮನಸ್ಸು ಮಾಡಿ ಅವಳಿಗೆ ಸಲಹೆ ಕೊಟ್ಟರು: "ನಿನ್ನ ಏಟು ಮುಂದಿನ ತೋಳಿಗೆ, ಆಕಿ ಕತ್ತಿ ಹಿಡಿದ ತೋಳಿಗೆ ಹೋಗ್ತೈತಮ್ಮ. ನಾಲ್ಕು ಬೆರಳು ಆಚಿಗೆ ತಗಾ." ಅವಳು ತಲೆಯಾಡಿಸಿ ಹೋದಳು.

ಅವತ್ತು ಸಂಜೆ ಪಕ್ಕೆಲುಬಿನ ಮೇಲೆ ನಾಲ್ಕು ಕಡೆ ಕಂದಿತ್ತು. ಅಮ್ಮ ಬಿಸಿ ಎಣ್ಣೆ ಸವರುತ್ತ, "ಒಬ್ಬರೂ ಮುಟ್ಟಲಿಲ್ಲ ಅಂತಿ. ಇವೇನು ಮತ್ತ?" ಅಂದಳು. ನಾನು ಗೋಡೆ ಕಡೆ ತಿರುಗಿ ಮಲಗಿದೆ. ಮೈ ಒಂದು ಹೇಳುತ್ತಿತ್ತು, ಮೆಷಿನ್ ಇನ್ನೊಂದು. ನನಗೆ ಕಪ್ಪು ಕೊಟ್ಟದ್ದು ಮೆಷಿನ್ನು, ಹಾಗಾಗಿ ಅದನ್ನೇ ನಂಬಿದೆ.

ಮುಂದಿನ ಎರಡು ಫೈನಲ್‌ಗಳೂ ಹೀಗೇ ಮುಗಿದವು, ಅದೇ ರಾಧಾ, ಅದೇ ಬಿಳಿ. ತಡೆಯುವ ಪಟ್ಟುಗಳನ್ನು ನಾನು ಕಲಿಯಲೇ ಇಲ್ಲ. ಬೀಳದ ಏಟನ್ನು ಯಾರಾದರೂ ಯಾಕೆ ತಡೆಯಬೇಕು. ಪೇಪರಿನಲ್ಲಿ "ಎದೆಗಾರ್ತಿ ದುರ್ಗಾ" ಅಂತ ಬಂತು. ರಾಜ್ಯ ಮಟ್ಟಕ್ಕೆ ಹೋಗಿದ್ದರೆ ಮೊದಲ ವರ್ಷವೇ ಬಣ್ಣ ಬಯಲಾಗುತ್ತಿತ್ತು. ಆದರೆ ಆ ವರ್ಷ ಎಲೆಕ್ಷನ್ ಅಂತ ಪಂದ್ಯ ನಡೆಯಲಿಲ್ಲ. ಮರುವರ್ಷ ರಾಜ್ಯ ಸಂಘದಲ್ಲಿ ಇಬ್ಬರು ಅಧ್ಯಕ್ಷರಾಗಿ, ಇಬ್ಬರೂ ಕೋರ್ಟಿಗೆ ಹೋದರು. ಮೂರನೇ ವರ್ಷ, ನನ್ನ ಇಂಟರ್, ಅಂದರೆ ಹನ್ನೆರಡನೇ ಕ್ಲಾಸಿನ ಪರೀಕ್ಷೆ ಮುಗಿದ ಮೇಲೆ, ಕೃಷ್ಣಾ ನದಿ ಕಡೆಯ ಊರೊಂದರಲ್ಲಿ ಪಂದ್ಯ ನಿಜವಾಗಿಯೂ ನಡೆಯಿತು.

ಅಲ್ಲಿ ಆಡುವ ಮೊದಲು ಒಂದು ಮೇಜಿನ ಮೇಲೆ ಕತ್ತಿ, ವೈರು, ಕವಚ ಎಲ್ಲ ತಪಾಸಣೆಗೆ ಕೊಡಬೇಕು. ಮೇಜಿನ ಹಿಂದಿನ ಮನುಷ್ಯ ನನ್ನ ಕವಚಕ್ಕೆ ಮೀಟರಿನ ಎರಡು ಕಡ್ಡಿ ಇಟ್ಟ. ಮುಳ್ಳು ಅಲ್ಲಾಡಲಿಲ್ಲ. ಹತ್ತು ಕಡೆ ಇಟ್ಟು ನೋಡಿದ. ಆಮೇಲೆ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ, "ಏಂಟಮ್ಮಾ ಇದಿ, ಪೆಳ್ಳಿ ಮಂಟಪಂ ಗುಡ್ಡಾ?" ಅಂತ ತೆಲುಗಿನಲ್ಲಿ ಕೇಳಿದ. ಇದೇನಮ್ಮ, ಮದುವೆ ಮಂಟಪದ ಬಟ್ಟೆಯಾ ಅಂತ. ಜೇಬು ಕಣ್ಣಿಗೆ ಬಿದ್ದಾಗ ಪಕ್ಕದವನನ್ನೂ ಕರೆದು ತೋರಿಸಿದ. ಇಬ್ಬರೂ ಸರದಿಯ ಮೇಲೆ ಜೇಬಿನೊಳಗೆ ಕೈ ಹಾಕಿ ನೋಡಿದರು.

"ಇದಿ ವೇಸುಕುನಿ ಎನ್ನಿ ಬೌಟ್ಸ್ ಆಡಾವು?" ಇದನ್ನು ಹಾಕಿಕೊಂಡು ಎಷ್ಟು ಬೌಟ್, ಎಷ್ಟು ಪಂದ್ಯ ಆಡಿದ್ದೀಯ ಅಂತ.

"ಮೂಡು ಸಂವತ್ಸರಾಲು," ಅಂದೆ. ಮೂರು ವರ್ಷ.

ಅವನು ನಗುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. "ಮರಿ ನೀತೋ ಆಡಿನ ವಾಳ್ಳು?" ಅಂದ. ನಿನ್ನ ಜೊತೆ ಆಡಿದವರ ಗತಿ ಏನು ಅಂತ.

ಯಾರದೋ ಕವಚ ಕಡ ತೆಗೆದುಕೊಂಡು ಐದು ಬೌಟ್ ಆಡಿದೆ. ಐದರಲ್ಲೂ ಸೋತೆ. ಏಟು ಬಿದ್ದಾಗಲೆಲ್ಲ ಬಣ್ಣದ ಬಲ್ಬು, ಪ್ರತಿ ಸಲವೂ. ಮೂರು ವರ್ಷದ ಬಾಕಿ ಬಲ್ಬೆಲ್ಲ ಒಂದೇ ಮಧ್ಯಾಹ್ನ ಹೊತ್ತಿದ ಹಾಗಾಯಿತು. ನಾಚಿಕೆ ಆಯಿತು, ಆದರೆ ಸೋತದ್ದಕ್ಕಲ್ಲ. ಆ ಒತ್ತಡ ನನಗೆ ಹೊಸದಾಗಿರಲಿಲ್ಲ. ಇದೇ ಜಾಗಕ್ಕೆ ಇದೇ ಏಟು ರಾಧಾ ಎಷ್ಟು ಸಲ ಹೊಡೆದಿದ್ದಳು ಅನ್ನುವುದು ನನ್ನ ಪಕ್ಕೆಲುಬಿಗೆ ನೆನಪಿತ್ತು.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವನು ಟಾರ್ಚಿನ ಸೆಲ್ಲು, ಬಲ್ಬು, ತುಂಡು ವೈರು ತಂದು ಕವಚದ ಮೇಲೆ ಅಲ್ಲಲ್ಲಿ ಇಟ್ಟು ನೋಡಿದ. ಎಲ್ಲೂ ಹೊತ್ತಲಿಲ್ಲ. ಬಹಳ ಹೊತ್ತು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಹೊಲಿಗಿ ಎಲ್ಲೂ ಬಿಟ್ಟಿಲ್ಲಲ್ಲವ್ವ," ಅಂದ. ಅವನನ್ನು ಬಯ್ಯಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದೆ. ಬಯ್ಯಲು ಮನಸ್ಸು ಬರಲಿಲ್ಲ.

ಮರುದಿನ ತಿಮ್ಮರಾಜು ಸಾರಿಗೆ ಹೇಳಿದೆ. ಕಾಲೇಜಿನ ಸೀಟಿನ ಲೆಟರ್ ಅವರ ಮೇಜಿನ ಮೇಲೇ ಇತ್ತು, ನನ್ನ ಹೆಸರು ಟೈಪಾಗಿತ್ತು, ಸಹಿಯೊಂದು ಬಾಕಿ.

"ಯಾರಿಗೆ ಹೇಳಿದಿ?" ಅಂತ ಮೊದಲು ಕೇಳಿದರು.

"ಅಪ್ಪಗ."

"ಸಾಕು. ಮೂರು ವರ್ಷ ಪೇಪರಿನಾಗ ಬಂದೈತಿ ದುರ್ಗಾ. ಪೇಪರಿನಾಗ ಬಂದಿದ್ದು ಸುಳ್ಳಾದ್ರ ಮಂದಿ ಯಾರನ್ನ ನಂಬಬೇಕು?"

"ರಾಧಾ ಜೊತಿ ಇನ್ನೊಂದು ಬೌಟ್ ಆಡಸ್ರಿ ಸಾರ್. ಸರಿಯಾದ ಕವಚದಾಗ. ಗೆದ್ದೋರ ಹೆಸರು ಬರೀರಿ."

ಅದಕ್ಕೆ ನಿಯಮವಿಲ್ಲ, ಬಜೆಟ್ಟಿಲ್ಲ, ಕವಚವಿಲ್ಲ ಅಂದರು. ಹಾಗಾದರೆ ಜೇಬು ಸಮೇತ ಈ ಕವಚವನ್ನು ಪೇಪರಿನವರಿಗೇ ತೋರಿಸುತ್ತೇನೆ ಅಂದೆ. ಮೂರು ವರ್ಷ ಬಾರದ ಬಜೆಟ್ಟು ಹತ್ತು ದಿನದಲ್ಲಿ ಬಂತು, ಹೊಸ ಕವಚ ಕೊರಿಯರಿನಲ್ಲಿ ಬಂತು. ನಿಯಮವೂ ಎಲ್ಲೋ ಸಿಕ್ಕಿರಬೇಕು.

ರಾಧಾಗೆ ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಕಲ್ಯಾಣದುರ್ಗದ ಮೇಲೆ ಬಸ್ಸು ಬದಲಿಸಿ ಮಡಕಶಿರಾಕ್ಕೆ ಹೋಗಿ, ಅಲ್ಲಿಂದ ಆಟೋದಲ್ಲಿ ಅವಳ ಹಳ್ಳಿ ತಲುಪಿದೆ. ಅವಳು ಅಂಗಳದಲ್ಲಿ ಸೊಪ್ಪಿನ ಕಟ್ಟು ಬಿಚ್ಚುತ್ತಿದ್ದಳು. ಕವಚವನ್ನು ಅವಳ ಮುಂದಿಟ್ಟು, ಸೆಲ್ಲು ಬಲ್ಬು ಇಟ್ಟು ತೋರಿಸಿ, ಎಲ್ಲ ಹೇಳಿದೆ. ಅವಳು ಬಯ್ಯಬಹುದು, ಅಳಬಹುದು ಅಂದುಕೊಂಡಿದ್ದೆ. ಅವಳು ಎದ್ದು, "ಬಾ ಇಲ್ಲಿ," ಅಂತ ಮನೆಯ ಹಿಂದಕ್ಕೆ ಕರೆದುಕೊಂಡು ಹೋದಳು.

ಹಿತ್ತಿಲ ಗೋಡೆಯ ಮೇಲೆ ಎದೆಯೆತ್ತರದಲ್ಲಿ ಎರಡು ವೃತ್ತ ಬರೆದಿತ್ತು, ಒಂದರ ಪಕ್ಕ ಒಂದು, ನಡುವೆ ನಾಲ್ಕು ಬೆರಳು. ಮೊದಲನೆಯದರಲ್ಲಿ ಸುಣ್ಣ ಅಲ್ಲಲ್ಲಿ ಚುಕ್ಕೆಚುಕ್ಕೆಯಾಗಿ ಎದ್ದಿತ್ತು. ಎರಡನೆಯದರಲ್ಲಿ ಗಾರೆಯೇ ಕಿತ್ತು ಬಂದು ಒಳಗಿನ ಇಟ್ಟಿಗೆ ಕಾಣುತ್ತಿತ್ತು.

"ಮೊದಲ್ನೇ ವರ್ಷ ಇಲ್ಲಿಗೆ ಹೊಡಿತಿದ್ದೆ," ಅಂತ ಮೊದಲನೆಯದನ್ನು ತೋರಿಸಿದಳು. "ನಿಮ್ಮ ಸಾರು ಆಚಿಗೆ ತಗಾ ಅಂದ್ರಲ್ಲ. ತಗಂಡೆ."

"ಎಷ್ಟು ದಿನ?"

"ದಿನಾ ಇನ್ನೂರು. ಎರಡು ವರ್ಷ."

ನಾನು ಆ ಇಟ್ಟಿಗೆಯನ್ನು ನೋಡುತ್ತ ನಿಂತೆ. ಸರಿಯಾಗಿದ್ದ ಕೈಯನ್ನು ಅವಳು ಮೈಮುರಿದು ದುಡಿದು ತಪ್ಪು ಮಾಡಿಕೊಂಡಿದ್ದಳು.

"ನನ್ನ ತಪ್ಪಾತು," ಅಂದೆ.

"ನಿಂದೇನು ತಪ್ಪು. ಬಟ್ಟೇದು." ಗೋಡೆಯ ಪುಡಿಯನ್ನು ಕೈಯಲ್ಲಿ ಒರೆಸುತ್ತ ಕೇಳಿದಳು, "ಏಟು ಬಿದ್ದಾಗ ನಿಂಗೆ ಗೊತ್ತಾಗ್ತಿರಲಿಲ್ವಾ?"

"ಗೊತ್ತಾಗ್ತಿತ್ತು," ಅಂದೆ.

ಅವಳು ಸೊಪ್ಪಿನ ಕಟ್ಟಿನ ಕಡೆಗೆ ವಾಪಸ್ ಹೊರಟಳು. ಬೌಟಿಗೆ ಬರುತ್ತೇನೆ ಅಂತ ಮಾತ್ರ ಹೇಳಿದಳು.

ಅದೇ ಕಲ್ಯಾಣ ಮಂಟಪ, ಅದೇ ಮೆಷಿನ್ನು, ಆಡುವ ಜಾಗಕ್ಕೆ ಸುಣ್ಣದಲ್ಲಿ ಎಳೆದ ಅದೇ ಉದ್ದನೆಯ ಪಟ್ಟಿ. ಎರಡು ಕವಚವನ್ನೂ ಅಪ್ಪನೇ ಸೆಲ್ಲು ಬಲ್ಬು ಇಟ್ಟು ಪರೀಕ್ಷಿಸಿದ; ಎರಡೂ ಹೊತ್ತಿದವು. ನನಗೆ ಸೋಲು ಖಾತ್ರಿಯಿತ್ತು. ತಡೆಯಲು ಬರದವಳು, ಮುಂದೆ ಅಷ್ಟು ಚುರುಕಿನ ಹುಡುಗಿ. ಸೋತು, ನೂಲು ಕತ್ತರಿಸಲು ವಾಪಸ್ ಹೋಗಿ, ಮನಸ್ಸಿನಲ್ಲಾದರೂ ದೊಡ್ಡವಳಾಗುತ್ತೇನೆ ಅಂತ ತಯಾರಾಗಿ ಬಂದಿದ್ದೆ.

ಸಾರು "ಅಲ್ಲೆ" ಅಂದರು. ರಾಧಾ ಬಂದಳು, ಅದೇ ವೇಗ. ನಾನು ತಡೆಯಲಾಗದೆ ನಿಂತೆ. ಅವಳ ಕತ್ತಿ ಎದೆಯ ಮುಂದೆಯೇ ಹಾದು, ನಾಲ್ಕು ಬೆರಳು ಆಚೆಗೆ, ಕತ್ತಿಯಿಲ್ಲದ ನನ್ನ ಹಿಂದಿನ ತೋಳಿಗೆ ತಾಗಿತು. ಬಿಳಿ.

ಮತ್ತೆ ಬಂದಳು, ಬಿಳಿ. ಸರಿಮಾಡಿಕೊಳ್ಳಲು ನಿಧಾನಿಸಿದಳು, ನಿಧಾನಿಸಿದಾಗ ನಾನು ಹೊಡೆದೆ. ಅವಸರ ಮಾಡಿದಳು, ಅವಸರದಲ್ಲಿ ಕೈ ಕಲಿತ ಕಡೆಗೇ ಹೋಯಿತು. ಎಂಟು–ಎರಡು ಆದಾಗ ನನಗೆ ಸ್ಪಷ್ಟವಾಗಿ ಕಂಡಿತು: ಅವಳು ಬರುವ ಹೊತ್ತಿಗೆ ನಾನು ಒಂದಿಷ್ಟು ವಾಲಿದರೆ ಸಾಕು, ತುದಿ ಸೀದಾ ಎದೆಗೇ ಬೀಳುತ್ತದೆ. ವಾಲಿದ್ದರೆ ಕತೆ ಚೆನ್ನಾಗಿರುತ್ತಿತ್ತು. ವಾಲಲಿಲ್ಲ. ಸೀಟು ಕಣ್ಣಮುಂದೆ ಇತ್ತು. ಹದಿನೈದು–ನಾಲ್ಕು ಆಯಿತು, ನಾನೇ ಗೆದ್ದೆ. ಈ ಸಲ ಯಾರೂ ಯಾರಿಗೂ ಮೋಸ ಮಾಡಿರಲಿಲ್ಲ.

ರಾಧಾ ಜಾಲರಿ ತೆಗೆದು ಎಡಗೈ ಚಾಚಿದಳು. ಕತ್ತಿ ಬಲಗೈಯಲ್ಲಿರುವುದರಿಂದ ಈ ಆಟದಲ್ಲಿ ಎಡಗೈ ಕೊಡುವುದೇ ಮರ್ಯಾದೆ.

"ಈಗ ನಿನ್ ಕವಚ ಸರಿ ಐತೆ ಅಲ್ವಾ?" ಅಂದಳು.

"ಹೂಂ."

"ಹಂಗಾರೆ ಬಿಳಿ ಬಂದಿದ್ದೂ ಸರಿ."

ತಿಮ್ಮರಾಜು ಸಾರು ಅಲ್ಲೇ ಲೆಟರಿಗೆ ಸಹಿ ಹಾಕಿದರು. ಬಹಳ ಸಂತೋಷದಲ್ಲಿದ್ದರು. "ನೋಡಿದೇನು? ಮೆಷಿನ್ ಅವತ್ತೂ ಇದನ್ನೇ ಹೇಳಿತ್ತು," ಅಂದರು.

ಸೀಟು ಬಿಟ್ಟುಕೊಟ್ಟೆ ಅಂತ ಬರೆಯುವ ಆಸೆ ನನಗೂ ಇದೆ. ಬಿಟ್ಟುಕೊಡಲಿಲ್ಲ. ಈಗ ವ್ಯಾಯಾಮ ಶಿಕ್ಷಕರ ಕಾಲೇಜಿನಲ್ಲಿದ್ದೇನೆ, ಸೀಟಿ ಊದುವುದರಲ್ಲಿ ತೊಂಬತ್ತೆರಡು ಮಾರ್ಕು ಬಂದಿದೆ. ಮುಂದಿನ ವರ್ಷದ ಸೀಟಿಗೆ ರಾಧಾಗೆ ಇನ್ನೂ ವಯಸ್ಸಿದೆ. ಅವಳ ಕೈ ಅಷ್ಟರಲ್ಲಿ ತಿರುಗಿ ಬರಬೇಕು.

ಪ್ರತಿ ಭಾನುವಾರ ನಾನು ಮಡಕಶಿರಾದ ಬಸ್ಸು ಹತ್ತುತ್ತೇನೆ. ಮೊದಲ ಸಲ ಹೋದಾಗ ರಾಧಾ ಸೊಪ್ಪಿನ ಕಟ್ಟಿನಿಂದ ತಲೆ ಎತ್ತಲಿಲ್ಲ. ಎರಡನೇ ಸಲ ನೀರು ಕೊಟ್ಟಳು. ಮೂರನೇ ಸಲ ಕತ್ತಿ ತಂದಳು. ಹಿತ್ತಿಲ ಗೋಡೆಯ ಮುಂದೆ, ಕಿತ್ತುಹೋದ ಆ ವೃತ್ತಕ್ಕೆ ಬೆನ್ನು ಕೊಟ್ಟು ನಾನು ನಿಲ್ಲುತ್ತೇನೆ. ಮೈಮೇಲೆ ಅಪ್ಪ ಹೊಲಿದ ಜರಿ ಕವಚ. ಕರೆಂಟ್ ಹರಿಯದಿದ್ದರೂ ಅದು ಗಟ್ಟಿ ಬಟ್ಟೆ, ಮತ್ತು ಅದಕ್ಕೆ ಜೇಬಿದೆ. ಎದೆಯ ಮೇಲೆ ಸರಿಯಾದ ಜಾಗದಲ್ಲಿ, ಜೋಡಿ ಹೊಲಿಗೆಯಲ್ಲಿ, ಅಂಗೈಯಗಲ. ರಾಧಾ ಕತ್ತಿಯ ತುದಿಯನ್ನು ಕೆಮ್ಮಣ್ಣಿನ ನೀರಲ್ಲಿ ಅದ್ದಿ ಜೇಬಿಗೆ ಗುರಿಯಿಟ್ಟು ಬರುತ್ತಾಳೆ. ಸಂಜೆಗೆ ನನ್ನ ಹಿಂದಿನ ತೋಳೆಲ್ಲ ಕೆಂಪಾಗಿರುತ್ತದೆ. ಜೇಬು ಬೆಳ್ಳಗೇ ಉಳಿದಿರುತ್ತದೆ.

ಹೋದ ಭಾನುವಾರ ಅವಳ ನೂರನೆಯದೋ ನೂರಹತ್ತನೆಯದೋ ಏಟು ಬರುವಾಗ ನನಗೆ ತಡೆಯಲಾಗಲಿಲ್ಲ. ಒಂದಿಷ್ಟೇ ಇಷ್ಟು ವಾಲಿದೆ. ಜೇಬಿನ ನಟ್ಟನಡುವೆ ಕೆಂಪು ಗುರುತು ಬಿತ್ತು. ನಾನು ನಕ್ಕೆ. ರಾಧಾ ನಗಲಿಲ್ಲ. ಹತ್ತಿರ ಬಂದು, ಸೆರಗಿನ ತುದಿಯನ್ನು ನೀರಲ್ಲಿ ಅದ್ದಿ, ಆ ಗುರುತನ್ನು ಉಜ್ಜಿ ತೆಗೆದಳು. ನನ್ನ ಎರಡೂ ಭುಜ ಹಿಡಿದು ಮೊದಲಿದ್ದ ಕಡೆಗೇ ಸರಿಸಿ ನಿಲ್ಲಿಸಿದಳು.

"ನೀನು ವಾಲಬ್ಯಾಡ," ಅಂದಳು. "ನಿಂತ ಕಡೆನೇ ನಿಂತ್ಕ. ನಾನೇ ಅಲ್ಲಿಗೆ ಬತ್ತೀನಿ."